ರಿಪೋರ್ಟ್ ತಂದಿದ್ದು ಗಂಡ, ಚೆಕ್ ಆಗಬೇಕಿದ್ದಿದ್ದು ಇಬ್ಬರೂ

ಊರು ದಾವಣಗೆರೆ ಕಡೆ ಅಂತಷ್ಟೇ ಇಟ್ಕೊಳ್ಳಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದ್ದೀನಿ. ಗಂಡನಿಗೆ 41, ಕಿರಾಣಿ ಅಂಗಡಿ, ಬೆಳಗ್ಗೆ ಆರೂವರೆಗೆ ಹಾಲಿನ ಗಿರಾಕಿಗೆ ಬಾಗಿಲು ತೆಗೆದ್ರೆ ರಾತ್ರಿ ಹತ್ತಕ್ಕೆ ಶಟರ್ ಎಳೆಯೋದು. ಹೆಂಡತಿಗೆ 36, ಮನೆ, ಅತ್ತೆ, ಎರಡು ಮಕ್ಕಳು. ಇನ್ಶೂರೆನ್ಸಿಗೆ ಅಂತ ಗಂಡ ಮಾಡಿಸಿದ ಬ್ಲಡ್ ಟೆಸ್ಟಲ್ಲಿ ಶುಗರ್ ಬಾರ್ಡರಲ್ಲಿದೆ ಅಂತ ಬಂತು, ಅವರ ಡಾಕ್ಟ್ರು ಅನ್ನ ಕಮ್ಮಿ ಮಾಡಿ ವಾಕ್ ಮಾಡಿ ಅಂದು ಉಳಿದಿದ್ದಕ್ಕೆ ಊಟ, ಓಡಾಟದ ಸಲಹೆ ಕೊಡೋ ನನ್ನ ಹತ್ರ ಕಳಿಸಿದ್ರು.

ಕೂತ ತಕ್ಷಣ ಅವರು ಕೇಳಿದ್ದು, "ಮೇಡಂ ನಾನು ದಪ್ಪ ಇಲ್ವಲ್ಲ, ನಂಗ್ಯಾಕೆ ಶುಗರ್ ಬರುತ್ತೆ?" ನೋಡೋಕೆ ದಪ್ಪ ಇಲ್ಲ ಅನ್ನೋದು ನಿಜ. 168 ಸೆಂ.ಮೀ. ಎತ್ತರ, 68 ಕೆ.ಜಿ., ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ ಬಿಎಂಐ 24 ಚಿಲ್ಲರೆ, ಕೈಕಾಲು ಸಣ್ಣ. ಆದ್ರೆ ಅಂಗಿ ಗುಂಡಿ ಹೊಟ್ಟೆ ಹತ್ರ ಎಳೀತಿತ್ತು, ಕತ್ತಿನ ಹಿಂದೆ ಚರ್ಮ ಕಪ್ಪಗೆ ಒರಟಾಗಿತ್ತು, ಅದನ್ನ ಬೆವರಿನ ಕೊಳೆ ಅಂತ ದಿನಾ ತಿಕ್ಕಿ ತಿಕ್ಕಿ ತೊಳೀತಿದ್ರಂತೆ. ಕೊಳೆ ಅಲ್ಲ ಅದು, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಜಾಸ್ತಿ ಜಾಸ್ತಿ ಸುರಿಯೋ ಹಾಗಾದಾಗ ಕತ್ತು, ಕಂಕುಳಲ್ಲಿ ಹೀಗೆ ಕಾಣಿಸಿಕೊಳ್ಳುತ್ತೆ. ಟೇಪ್ ತಗೊಂಡೆ. "ಪ್ಯಾಂಟ್ ಸೈಜ್ 34" ಅಂದ್ರು, ಎಲ್ಲಾ ಗಂಡಸರೂ ಹಿಂಗೇ ಹೇಳೋದು, ಪ್ಯಾಂಟ್ ಹೊಟ್ಟೆ ಕೆಳಗೆ ಕಟ್ಟೋದಲ್ವಾ. ಪಕ್ಕೆಲುಬಿನ ತುದಿಗೂ ಸೊಂಟದ ಮೂಳೆಗೂ ಮಧ್ಯ, ಉಸಿರು ಬಿಟ್ಟು ಅಳೆದ್ರೆ 97 ಸೆಂ.ಮೀ., ಅಂದ್ರೆ 38 ಇಂಚು. ನಮ್ಮ ಜನಕ್ಕೆ ಮಿತಿ ಗಂಡಸರಿಗೆ 90, ಹೆಂಗಸರಿಗೆ 80, ಬಿಎಂಐ ಕೂಡ 25 ಅಲ್ಲ 23ಕ್ಕೇ ಎಚ್ಚರ ಆಗಬೇಕು, ಯಾಕಂದ್ರೆ ನಮ್ಮಲ್ಲಿ ಸ್ನಾಯು ಕಮ್ಮಿ, ಕೊಬ್ಬು ಹೊಟ್ಟೆ ಒಳಗೆ, ಲಿವರ್ ಸುತ್ತ ಹೋಗಿ ಕೂರುತ್ತೆ. ತೂಕದ ಮಷಿನ್ನಿಗೆ ಅದು ಕಾಣಲ್ಲ.

ಉಳಿದ ನಂಬರ್ ಹೀಗಿತ್ತು: ಖಾಲಿ ಹೊಟ್ಟೆಯ ಶುಗರ್ (ಫಾಸ್ಟಿಂಗ್) 112, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 6.1, ರಕ್ತದಲ್ಲಿರೋ ಕೊಬ್ಬು ಟ್ರೈಗ್ಲಿಸರೈಡ್ 238, ಒಳ್ಳೆ ಕೊಲೆಸ್ಟ್ರಾಲ್ ಎಚ್‌ಡಿಎಲ್ 34, ಬಿಪಿ 136/88, ಸ್ಕ್ಯಾನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1. ಹೊಟ್ಟೆ ಸುತ್ತಳತೆ, ಬಿಪಿ, ಶುಗರ್, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಈ ಐದರಲ್ಲಿ ಮೂರು ಮಿತಿ ದಾಟಿದ್ರೆ (ಎಚ್‌ಡಿಎಲ್ ಆದ್ರೆ ಮಿತಿಗಿಂತ ಕೆಳಗಿದ್ರೆ) ಮೆಟಬಾಲಿಕ್ ಸಿಂಡ್ರೋಮ್ ಅಂತಾರೆ, ಇವರದು ಐದಕ್ಕೆ ಐದೂ ದಾಟಿತ್ತು. ಜನ ಶುಗರ್ ಒಂದನ್ನೇ ನೋಡ್ತಾರೆ, ನನಗೆ ಹೆಚ್ಚು ಯೋಚನೆ ಆಗಿದ್ದು ಇವೆಲ್ಲಾ ಒಟ್ಟಿಗೆ ಇದ್ದಿದ್ದು, ಹಾರ್ಟಿಗೆ ಏಟು ಕೊಡೋದು ಇದೇ ಗುಂಪು.

ಇಷ್ಟೆಲ್ಲಾ ಹೇಳಿದ ಮೇಲೆ ಅವರ ಉತ್ತರ, "ಅಪ್ಪಂಗೂ ಇತ್ತು ಮೇಡಂ, ಕಾಲಿನ ಬೆರಳು ತೆಗೆದ್ರು. ನಂಗೂ ಬಂದೇ ಬರುತ್ತೆ, ಬಂದಾಗ ಮಾತ್ರೆ ತಗೊಂಡ್ರಾಯ್ತು." ಮೇಲ್ನೋಟಕ್ಕೆ ಇದು ಉಡಾಫೆ, ಒಳಗಿರೋದು ಭಯ. ಅಪ್ಪನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸೋಕೆ ಕರ್ಕೊಂಡು ಹೋಗ್ತಿದ್ದಿದ್ದು ಇವರೇ. ಅವರು ಆ ಕಥೆ ಪೂರ್ತಿ ಹೇಳೋವರೆಗೂ ನಾನು ಊಟದ ವಿಷಯ ಎತ್ತಲಿಲ್ಲ, ಎತ್ತಿದ್ರೂ ಕಿವಿಗೆ ಹೋಗ್ತಿರಲಿಲ್ಲ.

ಆಮೇಲೆ ಚೆನ್ನೈನ ಡಾಕ್ಟರ್ ಮೋಹನ್ ತಂಡ 2005ರಲ್ಲಿ ಮಾಡಿದ ಭಾರತೀಯ ಡಯಾಬಿಟಿಸ್ ರಿಸ್ಕ್ ಸ್ಕೋರ್ ತೆಗೆದು ಅವರ ಕೈಯಲ್ಲೇ ಲೆಕ್ಕ ಹಾಕ್ಸಿದೆ, ಅಂಗಡಿಯವರು, ಲೆಕ್ಕ ಅಂದ್ರೆ ಚುರುಕು. ವಯಸ್ಸಿಗೆ 20, ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ರೆ 10, ಹೊಟ್ಟೆಗೆ 10, ವ್ಯಾಯಾಮ ಇಲ್ಲದೆ ಕೂತು ಮಾಡೋ ಕೆಲಸಕ್ಕೆ 30, ಒಟ್ಟು 70. 60 ಅಥವಾ ಅದಕ್ಕಿಂತ ಮೇಲಿದ್ರೆ ಹೈ ರಿಸ್ಕ್. "ಈಗ ಅಪ್ಪಂದು ಎಷ್ಟು, ನಿಮ್ಮದೆಷ್ಟು ಬೇರೆ ಮಾಡಿ" ಅಂದೆ. ಅಪ್ಪನ ಖಾತೆಗೆ ಬರೀ 10. ವಯಸ್ಸು ಸೇರಿಸಿದ್ರೂ ಕೈಮೀರಿದ್ದು 30, ಉಳಿದ 40 ಹೊಟ್ಟೆ ಮತ್ತು ಕುರ್ಚಿದು. ದಿನಾ ವ್ಯಾಯಾಮ ಶುರುವಾಗಿ ಹೊಟ್ಟೆ 90ಕ್ಕಿಂತ ಕೆಳಗೆ ಬಂದ್ರೆ 50ಕ್ಕೆ ಇಳೀತೀರಿ ಅಂತ ತೋರಿಸಿದೆ. ಸ್ವಲ್ಪ ಹೊತ್ತು ಆ ಕಾಗದಾನೇ ನೋಡ್ತಿದ್ರು.

ಪೂರ್ತಿ ತಪ್ಪಿಸಬಹುದು ಅಂತ ನಾನು ಯಾರಿಗೂ ಆಸೆ ತೋರಿಸಲ್ಲ. ಅಮೆರಿಕದಲ್ಲಿ 2002ರ ದೊಡ್ಡ ಸ್ಟಡಿಯಲ್ಲಿ ಜೀವನಶೈಲಿ ಬದಲಾಯಿಸಿದ ಗುಂಪಿಗೆ ಡಯಾಬಿಟಿಸ್ ಬರೋದು 58% ಕಮ್ಮಿ ಆಯ್ತು, ಚೆನ್ನೈಯಲ್ಲಿ ನಮ್ಮವರ ಮೇಲೇ ಮಾಡಿ 2006ರಲ್ಲಿ ಬಂದ ಸ್ಟಡಿಯಲ್ಲಿ ಸುಮಾರು 28% ಅಷ್ಟೇ. ನಾನು ಹೇಳೋದು ಈ ಚಿಕ್ಕ ನಂಬರನ್ನೇ. ಅದನ್ನ ಕೇಳಿದ ಮೇಲೂ ಮಾಡ್ತೀನಿ ಅಂದವರು ನಡುವೆ ಬಿಡೋದು ಕಮ್ಮಿ, ಇದು ನನ್ನ ಅನುಭವದ ಮಾತು.

ಡಾಕ್ಟ್ರ ಮಾತು ಕೇಳಿ ಅವರು ಆಗಲೇ ಅನ್ನ ಪೂರ್ತಿ ಬಿಟ್ಟಿದ್ರು, ಅದರ ಬದ್ಲು ರಾತ್ರಿ ಹತ್ತೂವರೆಗೆ ಎರಡು ದೊಡ್ಡ ಮುದ್ದೆ! ರಾಗಿ ಶುಗರಿಗೆ ಒಳ್ಳೇದು ಅಂತ ಯಾರೋ ಹೇಳಿದ್ದು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ಸರಿ, ಆದ್ರೆ ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಶುಗರ್ ಏರಿಸೇ ಏರಿಸುತ್ತೆ, ಹೊಲದಲ್ಲಿ ದುಡಿಯೋರ ಮುದ್ದೆ ಲೆಕ್ಕ ಗಲ್ಲಾದಲ್ಲಿ ಕೂತವರಿಗೆ ಆಗಲ್ಲ. ಜೊತೆಗೆ ದಿನಕ್ಕೆ ಎಂಟು ಸಣ್ಣ ಟೀ, ಒಂದೊಂದಕ್ಕೆ ಒಂದೂವರೆ ಚಮಚ ಹಿಡಿದ್ರೂ 60 ಗ್ರಾಂ ಸಕ್ಕರೆ. ಸಂಜೆ ಮಂಡಕ್ಕಿ ಮಿರ್ಚಿ, ದಾವಣಗೆರೆ ಕಡೆಯವರಿಗೆ ಅದನ್ನ ಬಿಡಿ ಅನ್ನೋಕೆ ನಂಗೇ ಬಾಯಿ ಬರಲ್ಲ.

ಹಾಗಾಗಿ ಅಂಗಡಿ ಬಿಟ್ಟು ಎಲ್ಲೂ ಹೋಗದೆ ಆಗೋ ಅಂಥದ್ದನ್ನೇ ಇಬ್ಬರೂ ಕೂತು ಬರೆದ್ವಿ. ಟೀ ಮೂರು, ಅರ್ಧ ಚಮಚ ಸಕ್ಕರೆ, ಗಿರಾಕಿ ಜೊತೆ ಕುಡಿಯೋದಿದ್ರೆ ಮಜ್ಜಿಗೆ. ರಾತ್ರಿ ಊಟ ಎಂಟಕ್ಕೆ ಡಬ್ಬಿಯಲ್ಲಿ ಅಂಗಡಿಗೇ ಬರೋದು, ಎರಡು ಜೋಳದ ರೊಟ್ಟಿ ಅಥವಾ ಸಣ್ಣ ಒಂದು ಮುದ್ದೆ, ಆದ್ರೆ ತಟ್ಟೆಯ ಅರ್ಧ ಪಲ್ಯ ಸೊಪ್ಪು, ಜೊತೆಗೆ ಹೆಸರುಕಾಳು ಇಲ್ಲಾ ಮಡಿಕೆಕಾಳು ಉಸಲಿ, ಮನೇಲಿ ಪ್ರೋಟೀನ್ ಬರೀ ತಿಳಿಸಾರಲ್ಲಿ ಮುಗೀತಿತ್ತು. ಮಂಡಕ್ಕಿ ಇರಲಿ, ಮಿರ್ಚಿ ಭಾನುವಾರಕ್ಕೆ, ಉಳಿದ ದಿನ ಅಂಗಡಿಯಲ್ಲೇ ಇರೋ ಹುರಿಗಡಲೆ ಶೇಂಗಾ ಒಂದು ಹಿಡಿ. ಮಧ್ಯಾಹ್ನ, ರಾತ್ರಿ ಊಟ ಆದ ತಕ್ಷಣ ಹದಿನೈದು ಹದಿನೈದು ನಿಮಿಷ ಬೀದಿಯಲ್ಲಿ ನಡಿಗೆ, ಗಲ್ಲಾ ಹುಡುಗ ನೋಡ್ಕೊಳ್ಳಲಿ, ಊಟ ಆದ ಮೇಲೆ ನಡೆದ್ರೆ ಏರೋ ಶುಗರನ್ನ ಕಾಲಿನ ಸ್ನಾಯುವೇ ಎಳ್ಕೊಳ್ಳುತ್ತೆ, ವಾರಕ್ಕೆ ಐದು ದಿನ ಮಾಡಿದ್ರೂ 150 ನಿಮಿಷ ಆಯ್ತು. ಗೋಡೌನಿಂದ ಮಾಲು ತರೋ ಕೆಲಸ ದಿನಕ್ಕೆರಡು ಸಲ ತಾವೇ. ತೂಕ ಮೂರ್ನಾಲ್ಕು ಕೆ.ಜಿ. ಇಳಿದ್ರೆ ಸಾಕು ಅಂದೆ. ಇನ್ನು ಅವರೇ ಮಾರ್ತಿದ್ದ "ಶುಗರ್ ಕಂಟ್ರೋಲ್ ಪೌಡರ್" ಬಗ್ಗೆ ಕೇಳಿದ್ರು, ಡಬ್ಬಿ ಮೇಲೆ ಒಳಗೇನಿದೆ ಅಂತಲೇ ಸರಿಯಾಗಿ ಬರೆದಿರಲಿಲ್ಲ, ತಗೋಬೇಡಿ ಅಂದೆ. ಮಾರಬೇಕಾ ಬೇಡ್ವಾ ಅನ್ನೋದು ಅವರಿಗೆ ಬಿಟ್ಟಿದ್ದು (ಮಾರ್ತಿದ್ದಾರೆ ಇನ್ನೂ). ಶುಗರಿಗೆ ಕೊಡೋ ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲ್ ಮಾತ್ರೆ, ಬಿಪಿ ಇದೆಲ್ಲಾ ಡಾಕ್ಟ್ರ ತೀರ್ಮಾನ. ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗಾಗುತ್ತೆ ಅಂತ ಹೆಂಡತಿ ಹೇಳಿದ್ದನ್ನೂ ಚೀಟಿಯಲ್ಲಿ ಬರೆದು ಡಾಕ್ಟ್ರಿಗೆ ಕಳಿಸಿದೆ.

ಎಣ್ಣೆ ಲೆಕ್ಕಕ್ಕೆ ಹೆಂಡತಿ ಕಡೆ ತಿರುಗಿದೆ. ಇಬ್ಬರು ಮಕ್ಕಳು ಅತ್ತೆ ಸೇರಿ ಐದು ಜನಕ್ಕೆ ತಿಂಗಳಿಗೆ ಆರು ಲೀಟರ್, ತಲೆಗೆ ದಿನಕ್ಕೆ 40 ಮಿ.ಲೀ. ನಾಲ್ಕಕ್ಕೆ ಇಳಿಸೋಣ ಅಂತ ಒಪ್ಪಿದ್ರು. ಮಾತಿಗೆ ಮಾತು ಬಂದು, "ಎರಡನೇ ಬಾಣಂತನಕ್ಕೆ ಮುಂಚೆ ನಂಗೂ ಶುಗರ್ ಅಂದಿದ್ರು, ಹೆರಿಗೆ ಆದ್ಮೇಲೆ ಹೋಯ್ತು" ಅಂದ್ರು. ಏಳು ವರ್ಷ ಆಯ್ತಂತೆ, ಆಮೇಲೆ ಒಂದು ಸಲವೂ ಚೆಕ್ ಇಲ್ಲ! ಬಸುರಿಯಲ್ಲಿ ಶುಗರ್ ಬಂದವರಿಗೆ ಮುಂದೆ ಡಯಾಬಿಟಿಸ್ ಬರೋ ಸಾಧ್ಯತೆ ಉಳಿದವರಿಗಿಂತ ಏಳೆಂಟು ಪಟ್ಟು ಮೇಲೇ ಇರುತ್ತೆ, ಹೆರಿಗೆ ಆಗಿ 4ರಿಂದ 12 ವಾರದೊಳಗೆ ಒಂದು ಟೆಸ್ಟ್, ಆಮೇಲೆ ಜೀವನಪೂರ್ತಿ ಒಂದರಿಂದ ಮೂರು ವರ್ಷಕ್ಕೊಂದು ಸಲ ಮಾಡಿಸ್ತಾನೇ ಇರಬೇಕು. ನಾನು ಗಂಡನಿಗೆ ಹಾಕಿದ ಆ ಸ್ಕೋರಲ್ಲಿ ಈ ಪ್ರಶ್ನೆನೇ ಇಲ್ಲ, ಹಾಗಾಗಿ ಬಾಯಿ ಬಿಟ್ಟು ಕೇಳದಿದ್ರೆ ತಪ್ಪಿ ಹೋಗುತ್ತೆ.

ಟೆಸ್ಟ್ ಮಾಡಿಸಿದ್ರೆ ಎಚ್‌ಬಿಎ1ಸಿ 6.2, ಹಿಮೋಗ್ಲೋಬಿನ್ 9.6. ಕಬ್ಬಿಣದ ಅಂಶ ಕಮ್ಮಿ ಇದ್ದಾಗ ಎಚ್‌ಬಿಎ1ಸಿ ಸುಳ್ಳೇ ಜಾಸ್ತಿ ತೋರಿಸಬಹುದು, ಅದಕ್ಕೆ ಡಾಕ್ಟ್ರು 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಿದ್ರು. ಫಾಸ್ಟಿಂಗ್ 104, ಎರಡು ಗಂಟೆಗೆ 168. ಸುಳ್ಳಲ್ಲ, ಪ್ರಿಡಯಾಬಿಟಿಸ್, ಅಂದ್ರೆ ಡಯಾಬಿಟಿಸಿಗೆ ಮುಂಚಿನ ಬಾರ್ಡರ್ ಹಂತ. ಹೊಟ್ಟೆ 86 ಸೆಂ.ಮೀ. "ನಾನು ದಿನವಿಡೀ ಓಡಾಡ್ತಾನೇ ಇರ್ತೀನಲ್ಲ" ಅಂದ್ರು, ಸರಿ, ಆದ್ರೆ ಅಡುಗೆಮನೆ ಓಡಾಟಕ್ಕೆ ಎದೆಬಡಿತ ಏರಲ್ಲ. ಇವರಿಗೆ ಕೊಟ್ಟಿದ್ದು ಬೇರೆ ಪಟ್ಟಿ: ಮಕ್ಕಳು ಬಿಟ್ಟಿದ್ದನ್ನ, ಉಳಿದಿದ್ದನ್ನ ಮೂರು ಗಂಟೆಗೆ ತಿನ್ನೋದು ನಿಲ್ಲಿಸಿ ಎಲ್ಲರ ಜೊತೆ ತಟ್ಟೆ ಹಾಕ್ಕೊಳ್ಳೋದು, ಕಬ್ಬಿಣದ ಮಾತ್ರೆ ಟೀ ಜೊತೆ ತಗೋಬಾರದು, ಮಗಳನ್ನ ಟ್ಯೂಷನ್ನಿಗೆ ಬಿಡೋಕೆ ಸ್ಕೂಟಿ ಬದಲು ಬಿರುಸಾಗಿ ನಡ್ಕೊಂಡು.

ಮೂರು ತಿಂಗಳಿಗೆ ಬಂದ್ರು. ಗಂಡನ ಹೊಟ್ಟೆ 93, ತೂಕ 65 ಚಿಲ್ಲರೆ, ಟ್ರೈಗ್ಲಿಸರೈಡ್ 171, ಎಚ್‌ಬಿಎ1ಸಿ 5.9, ಎಚ್‌ಡಿಎಲ್ ಮಾತ್ರ 36ರಲ್ಲೇ ಕೂತಿದೆ, ಅದು ಬೇಗ ಏರಲ್ಲ. ಬಿಪಿಗೆ ಡಾಕ್ಟ್ರು ಕಾಯೋಣ ಅಂದಿದ್ದಾರೆ. ಹೆಂಡತಿಯ ಹಿಮೋಗ್ಲೋಬಿನ್ 11 ಮುಟ್ಟಿದೆ, ಹೊಟ್ಟೆ ಒಂದು ಸೆಂ.ಮೀ. ಅಷ್ಟೇ ಇಳಿದಿದೆ, ನಡಿಗೆ ವಾರಕ್ಕೆ ಎರಡು ದಿನ ಆದ್ರೆ ಹೆಚ್ಚು, ಅತ್ತೆಗೆ ಹುಷಾರಿರಲಿಲ್ಲ. ಅದಕ್ಕೆ ಈ ಸಲ ಗಂಡನಿಗೊಂದು ಕೆಲಸ ಸೇರಿಸಿದ್ದೀನಿ, ಸಂಜೆ ಆರರಿಂದ ಅರ್ಧ ಗಂಟೆ ಮಗಂಗೆ ಓದಿಸೋದು, ಅಮ್ಮನ್ನ ನೋಡ್ಕೊಳ್ಳೋದು ಅವರದು, ಅಂಗಡಿ ಹುಡುಗಂದು. ಮುಖ ಸ್ವಲ್ಪ ಸಣ್ಣಗಾಯ್ತು, ಆ ಹೊತ್ತಿಗೇ ಗಿರಾಕಿ ಜಾಸ್ತಿಯಂತೆ. ಏಳೂವರೆಗೆ ಮಾಡ್ಕೊಳ್ಳಿ ಅಂದೆ, ಒಪ್ಪಿದ್ದಾರೆ, ಮುಂದಿನ ಟೆಸ್ಟ್ ಇಬ್ಬರಿಗೂ ಒಂದೇ ದಿನ.