‘ಯಾರಿಗೂ ಹೇಳಬೇಡಿ ಅಕ್ಕ’ ಅಂದಾಗ

ಪ್ರಶ್ನೆ: ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ಕೊನೆ ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ಪಿಯುಸಿ ಮುಗಿದ ವರ್ಷ ನನಗೆ ಖಿನ್ನತೆ ಬಂದಿತ್ತು. ಈಗ ಚೆನ್ನಾಗಿದ್ದೇನೆ, ಆದರೆ ರಾತ್ರಿ ಒಂದು ಮಾತ್ರೆ ಇದೆ. ನನ್ನ ರೂಮಿನ ಜೂನಿಯರ್‌ಗೆ ಹತ್ತೊಂಬತ್ತು ವರ್ಷ. ಒಂದು ತಿಂಗಳಿಂದ ಮೆಸ್‌ಗೂ ಬರುವುದಿಲ್ಲ, ಕ್ಲಾಸಿಗೂ ಹೋಗುವುದಿಲ್ಲ. ಮಧ್ಯರಾತ್ರಿ ಎದ್ದು ಕೂತು ಅಳುತ್ತಾಳೆ. ‘ಬದುಕೋಕೆ ಇಷ್ಟ ಇಲ್ಲ, ಯಾರಿಗೂ ಹೇಳಬೇಡಿ ಅಕ್ಕ’ ಎನ್ನುತ್ತಾಳೆ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾರೆ. ಅವಳ ಗುಟ್ಟು ಕಾಪಾಡಬೇಕೇ? ಇನ್ನೂ ಮಾತ್ರೆ ನುಂಗುವ ನಾನು ಮತ್ತೊಬ್ಬರಿಗೆ ಆಸರೆಯಾಗಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಗುಟ್ಟಿನ ವಿಷಯ ಮೊದಲು. ಈ ಗುಟ್ಟು ಕಾಪಾಡುವಂಥದ್ದಲ್ಲ.

ಇವತ್ತೇ ಅವಳ ಪಕ್ಕ ಕೂತು ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರ್ತಿದೆಯಾ? ಹೇಗೆ, ಯಾವಾಗ ಅಂತೆಲ್ಲ ಯೋಚಿಸಿದ್ದೀಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಎಷ್ಟೋ ಮಕ್ಕಳು ‘ಅಬ್ಬಾ, ಯಾರೋ ಕೇಳಿದರಲ್ಲ’ ಅಂತ ಉಸಿರು ಬಿಡುವುದನ್ನು ನೋಡಿದ್ದೇನೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ವಾರ್ಡನ್‌ಗೆ ಹೇಳಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವಳಿಗೆ ಹೀಗೆ ಹೇಳಬಹುದು: ‘ನಿನ್ನ ಮನೆ ವಿಷಯ, ಪ್ರೀತಿ ವಿಷಯ ನನ್ನಲ್ಲೇ ಇರುತ್ತೆ. ನಿನ್ನ ಜೀವದ ವಿಷಯ ಮಾತ್ರ ನಾನೊಬ್ಬಳೇ ಇಟ್ಟುಕೊಳ್ಳೋಕೆ ಆಗಲ್ಲ. ಯಾರಿಗೆ ಹೇಳೋಣ, ನೀನೇ ಹೇಳು.’ ಸ್ವಲ್ಪ ದಿನ ಮಾತು ಬಿಡಬಹುದು. ಬಿಡಲಿ. ಅವಳು ಹೇಳಿಕೊಂಡ ಉಳಿದ ಮಾತುಗಳು ಮಾತ್ರ ಪಕ್ಕದ ರೂಮಿಗೂ ಹೋಗಬಾರದು.

ಇನ್ನೊಂದು ಕೆಲಸವನ್ನು ಈಗಲೇ ಮಾಡಿ. ನಿಮ್ಮ ಮಾತ್ರೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ. ‘ನನಗೆ ಇದರಲ್ಲೇ ಗುಣವಾಯ್ತು’ ಅಂತ ಅವಳಿಗೆ ಒಂದೂ ಕೊಡಬೇಡಿ. ಹಾಸ್ಟೆಲ್‌ಗಳಲ್ಲಿ ಈ ಕೊಡು-ಕೊಳ್ಳುವಿಕೆ ಜಾಸ್ತಿ, ನನಗೆ ತುಂಬಾ ಚಿಂತೆ ಕೊಡುವ ಸಂಗತಿ ಇದು.

ಈಗ ನಿಮ್ಮ ಎರಡನೇ ಪ್ರಶ್ನೆ. ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಬೈಪೋಲಾರ್ ಕಾಯಿಲೆಗೆ, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೂ ಒಮ್ಮೆ ಖಿನ್ನತೆಗೂ ಜಾರುವ ಕಾಯಿಲೆಗೆ ಸಿಕ್ಕಿದವಳು. ಇವತ್ತಿಗೂ ಅದಕ್ಕೆ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುತ್ತೇನೆ, ರಕ್ತ ಪರೀಕ್ಷೆ ಮಾಡಿಸುತ್ತೇನೆ. ಇದೇ ದಾರಿಯಲ್ಲಿ ಬಂದವಳು ಎಂಬ ಕಾರಣಕ್ಕೇ, ಮನಸ್ಸಿನ ಕಾಯಿಲೆಯವರಿಗೆ ಆಸರೆಯಾಗುವ ಈ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡರು. ಖಿನ್ನತೆಯ ಔಷಧಿ ಕೆಲಸ ಮಾಡಲು ಕೆಲವು ವಾರ ಬೇಕು. ಅದಕ್ಕೆ ಮೊದಲೇ ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಮಂಪರು ಶುರುವಾಗಬಹುದು. ಎಷ್ಟೋ ಹುಡುಗರು ಅಲ್ಲೇ ಬಿಟ್ಟುಬಿಡುತ್ತಾರೆ. ಆಗ ಡಾಕ್ಟರ್ ಹೇಳುವ ‘ತಡೆದುಕೊಳ್ಳಿ’ಗಿಂತ ‘ನನಗೂ ಹೀಗೇ ಆಗಿತ್ತು, ಬಾ, ಡಾಕ್ಟರ್‌ನ ಮತ್ತೆ ಕೇಳೋಣ’ ಎಂಬ ಮಾತು ಬೇಗ ತಲುಪುತ್ತದೆ. ನಿಮ್ಮ ಕೈಲಿರುವುದು ಅದು.

ಆದರೆ ನಿಮ್ಮ ಕಥೆಯನ್ನು ಸ್ವಲ್ಪವೇ ಹೇಳಿ. ಅವಳು ಅಳುತ್ತಿರುವಾಗ ನಮ್ಮ ಕಥೆ ಬಿಚ್ಚಿದರೆ, ಕೊನೆಗೆ ಅವಳೇ ನಮ್ಮನ್ನು ಸಮಾಧಾನ ಮಾಡುವ ಹಾಗಾಗುತ್ತದೆ. ರಾತ್ರಿಯಿಡೀ ಕೂತು ಕೇಳುವುದೂ ಬೇಡ. ನಿದ್ದೆ ಕೆಟ್ಟರೆ ನಿಮ್ಮ ಕಾಯಿಲೆ ಮರಳಬಹುದು. ಮಲಗುವ ಹೊತ್ತು ಗೊತ್ತು ಮಾಡಿಕೊಳ್ಳಿ. ನಡುರಾತ್ರಿ ಮನಸ್ಸು ತೀರಾ ಕೆಟ್ಟರೆ ಟೆಲಿ ಮಾನಸ್‌ನ 14416ಕ್ಕೆ ಅವಳೂ ಫೋನ್ ಮಾಡಬಹುದು, ನೀವೂ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಇದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತಾಯತದ ಬಗ್ಗೆ ಜಗಳ ತೆಗೆಯಬೇಡಿ. ಅವಳ ಅಮ್ಮನಿಗೆ ತೋಚಿದ ಪ್ರೀತಿ ಅದು. ‘ತಾಯತವೂ ಇರಲಿ ಅಮ್ಮಾ, ಡಾಕ್ಟರಿಗೂ ತೋರಿಸೋಣ’ ಅಂದರೆ ತುಂಬಾ ತಾಯಂದಿರು ಒಪ್ಪುತ್ತಾರೆ. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ಮುಂದೆ ಇದನ್ನೇ ಕೆಲಸವಾಗಿ ಮಾಡುವ ಆಸೆಯಿದ್ದರೆ ‘ಯುವ ಸ್ಪಂದನ’ದಲ್ಲಿ ವಿಚಾರಿಸಿ. ರಾಜ್ಯದ ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ರೂಪಿಸಿದ ಕಾರ್ಯಕ್ರಮ ಅದು. ಅಲ್ಲಿ ತರಬೇತಿ ಪಡೆದ ಯುವಕ ಯುವತಿಯರನ್ನು ‘ಯುವ ಪರಿವರ್ತಕರು’ ಎನ್ನುತ್ತಾರೆ. ಆದರೆ ಮೊದಲು ಡಿಗ್ರಿ ಮುಗಿಸಿ, ನಿಮ್ಮ ಡಾಕ್ಟರನ್ನೂ ಒಂದು ಮಾತು ಕೇಳಿ.

ಸದ್ಯಕ್ಕೆ ನಿಮ್ಮ ಊರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಅವಳ ಜೊತೆ ಹೋಗಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ನಿದ್ದೆ ಎಷ್ಟು, ಊಟ ಎಷ್ಟು, ಯಾವಾಗಿನಿಂದ ಹೀಗೆ ಅಂತ ಒಂದು ಹಾಳೆಯಲ್ಲಿ ಅವಳಿಂದಲೇ ಬರೆಸಿ. ಒಳಗೆ ಹೋದಾಗ ಮಾತು ಹೊರಡದಿದ್ದರೆ ಆ ಹಾಳೆಯನ್ನೇ ಡಾಕ್ಟರಿಗೆ ಕೊಡಲಿ. ನೀವು ಒಳಗೆ ಬರಬೇಕೋ, ಹೊರಗೆ ಕೂರಬೇಕೋ ಎಂಬುದನ್ನು ಅವಳೇ ಹೇಳಲಿ.