ಸಂಬಳ ಬಿಡುವ ಮುನ್ನ ಇನ್ನೊಂದು ಲೆಕ್ಕ

ಹನ್ನೊಂದು ವರ್ಷ ಒಂದೇ ಸಂಸ್ಥೆಯಲ್ಲಿ ವಿನ್ಯಾಸದ ಕೆಲಸ ಮಾಡಿರುವ ನೀವು ಮುಂದಿನ ತಿಂಗಳು ರಾಜೀನಾಮೆ ಕೊಟ್ಟು ಅದೇ ಕೆಲಸವನ್ನು ಸ್ವತಂತ್ರವಾಗಿ ಮಾಡುವವರಿದ್ದೀರಿ. ‘ನೀವು ಹೊರಗೆ ಬನ್ನಿ, ಕೆಲಸ ನಾವು ಕೊಡುತ್ತೇವೆ’ ಎಂದು ಇಬ್ಬರು ಹೇಳಿದ್ದಾರೆ. ಆರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯವಿದೆ. ವರ್ಷದ ಸಂಬಳವನ್ನು ಕೆಲಸದ ದಿನಗಳಿಗೆ ಭಾಗಿಸಿ ದರವನ್ನೂ ಗೊತ್ತುಮಾಡಿಕೊಂಡಿದ್ದೀರಿ. ‘ಇಷ್ಟು ಸಾಕಲ್ಲವೇ?’ ಎಂದು ಕೇಳಿದ್ದೀರಿ.

ಸಾಲದು. ನೀವು ಕಳಿಸಿದ ಮಾದರಿಗಳನ್ನು ನೋಡಿದೆ. ಕಸುಬು ನಿಮ್ಮ ಕೈಯಲ್ಲಿದೆ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಲೆಕ್ಕ ಮಾತ್ರ ಇನ್ನೊಮ್ಮೆ ಹಾಕಬೇಕು.

ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ದಿನ. ರಜೆ, ಹುಷಾರಿಲ್ಲದ್ದು, ಮನೆಯ ತಾಪತ್ರಯ ಎಂದು 35 ಕಳೆಯಿರಿ; ಇನ್ನು ಮೇಲೆ ಅವಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಉಳಿದ 225 ದಿನವೂ ವಿನ್ಯಾಸ ಮಾಡುತ್ತಲೇ ಕೂರಲಾಗದು. ಗಿರಾಕಿಗಳನ್ನು ಹುಡುಕುವುದು, ಅಂದಾಜು ಪಟ್ಟಿ ಬರೆದುಕೊಡುವುದು, ಕೊನೆಗೆ ಕೈಗೂಡದ ಕೆಲಸಕ್ಕಾಗಿ ಮೂರು ಸಲ ಹೋಗಿ ಮಾತಾಡಿ ಬರುವುದು, ಬಾಕಿ ವಸೂಲಿಗೆ ಫೋನ್ ಮಾಡುವುದು, ಕೈಕೊಟ್ಟ ಕಂಪ್ಯೂಟರನ್ನು ರಿಪೇರಿಗೆ ಹೊರುವುದು, ಎಲ್ಲ ನಿಮ್ಮದೇ. ಇವು ಐದರಲ್ಲಿ ಎರಡು ದಿನ ತಿಂದವೆಂದರೂ ದುಡ್ಡು ತರುವ ದಿನಗಳು 135. ಈಗಿನ ಸಂಬಳದಷ್ಟೇ ಕೈಸೇರಬೇಕಾದರೂ ದಿನದ ದರ ನೀವು ಬರೆದದ್ದರ ಹೆಚ್ಚುಕಡಿಮೆ ಎರಡರಷ್ಟಾಗಬೇಕು. ವಿಮೆ, ಸಾಫ್ಟ್‌ವೇರ್ ಶುಲ್ಕ ಬೇರೆ. ಆ ದರ ಹೇಳುವಾಗ ಮೊದಮೊದಲು ನಾಲಿಗೆ ತಡವರಿಸುತ್ತದೆ, ಆದರೂ ಹೇಳಿ. ಕಡಿಮೆಗೆ ಒಪ್ಪಿಕೊಂಡ ಗಿರಾಕಿಯ ಹತ್ತಿರ ಆಮೇಲೆ ಏರಿಸುವುದು ಬಲು ಕಷ್ಟ.

ಉಳಿತಾಯದ ಮಾತಿಗೆ ಬರೋಣ. ಮೊದಲ ತಿಂಗಳು ಕೆಲಸ ಸಿಕ್ಕಿತು, ಎರಡನೆಯ ತಿಂಗಳ ಕೊನೆಗೆ ಮುಗಿಸಿ ಬಿಲ್ಲು ಕಳಿಸಿದಿರಿ, 30 ದಿನದ ವಾಯಿದೆ ಎಂದಿಟ್ಟುಕೊಳ್ಳಿ. ಮೂರನೆಯ ತಿಂಗಳ ಕೊನೆಗೆ ಬರಬೇಕಾದ ಹಣ ‘ಸಹಿ ಹಾಕುವವರು ಊರಲ್ಲಿಲ್ಲ’ ಎಂಬ ಕಾರಣಕ್ಕೆ ನಾಲ್ಕನೆಯದಕ್ಕೆ ಜಾರುತ್ತದೆ. ಅಷ್ಟರಲ್ಲಿ ಕೂಡಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ, ಭಯಕ್ಕೆ ಸಿಕ್ಕ ಕೆಲಸಕ್ಕೆಲ್ಲ ಸಿಕ್ಕ ದರಕ್ಕೆ ಹೂಂ ಅನ್ನತೊಡಗುತ್ತೀರಿ. ಒಂದು ವರ್ಷದ ಖರ್ಚು ಕೈಯಲ್ಲಿರಲಿ ಎನ್ನುವುದು ಇದಕ್ಕೇ. ಪ್ರತಿ ಕೆಲಸಕ್ಕೂ ಮೂರರಲ್ಲೊಂದು ಪಾಲಾದರೂ ಮುಂಗಡ ಕೇಳಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದು ಮೊದಲೇ ಬರೆದುಕೊಡಿ. ‘ಸ್ವಲ್ಪ ಬಣ್ಣ ಬದಲಿಸಿ, ಅಷ್ಟೇ’ ಎಂಬ ಮಾತು ನಾಲ್ಕನೆಯ ಸಲ ಬಂದಾಗ ಆ ಒಂದು ಸಾಲು ನಿಮ್ಮನ್ನು ಕಾಯುತ್ತದೆ. ತೆರಿಗೆಯ ಪಾಲನ್ನು ಹಣ ಬಂದ ದಿನವೇ ಬೇರೆ ಖಾತೆಗೆ ಹಾಕಿ.

‘ಸಮಯಕ್ಕೆ ನಾನೇ ಯಜಮಾನಿ’ ಎಂದು ಬರೆದಿದ್ದೀರಿ. ಮೊದಲ ವರ್ಷ ಅದನ್ನು ಪೂರ್ತಿ ನಂಬಬೇಡಿ, ರಾತ್ರಿ ಒಂಬತ್ತಕ್ಕೂ ಫೋನ್ ಬರುತ್ತದೆ. ಆದರೆ ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕೆಂಬ ನಿಮ್ಮ ಆಸೆ ದೊಡ್ಡದೇನಲ್ಲ, ಅದು ಖಂಡಿತ ಈಡೇರುವಂಥದ್ದು. ಆ ಒಂದು ಗಂಟೆಯನ್ನು ಮೊದಲ ದಿನದಿಂದಲೇ ಯಾರಿಗೂ ಮಾರಬೇಡಿ.

ನನ್ನನ್ನು ಹೆಚ್ಚು ಕಾಡಿದ್ದು ಆ ಇಬ್ಬರ ಭರವಸೆ. ಅವರು ಮನಸಾರೆ ಹೇಳಿರಬಹುದು. ಆದರೆ ಅವರಿಗೂ ಮೇಲಿನವರಿದ್ದಾರೆ, ಅವರೂ ಕೆಲಸ ಬದಲಿಸಬಹುದು. ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸ ಮಾಡಬಾರದು, ಬಿಟ್ಟ ಮೇಲೂ ಸಂಸ್ಥೆಯ ಗಿರಾಕಿಗಳನ್ನು ಸೆಳೆಯಬಾರದು ಎಂಬ ಷರತ್ತು ಎಷ್ಟೋ ಕಡೆ ಇರುತ್ತದೆ. ಅಂಥ ಅಡ್ಡಿಯಿಲ್ಲದಿದ್ದರೆ ಇಬ್ಬರಿಗೂ ಹೊಸ ದರ ತಿಳಿಸಿ, ಶನಿವಾರ ಭಾನುವಾರದಲ್ಲಿ ಮುಗಿಯುವಂಥ ಒಂದು ಸಣ್ಣ ಕೆಲಸ ಕೇಳಿ. ಆ ಬಿಲ್ಲಿನ ಹಣ ಖಾತೆಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ.

— ಸಂಪಾದಕ