ಓದುಗರ ಪ್ರಶ್ನೆ: ಕೇಳಿದ್ದು ಸಿಗದ ಮೇಲೂ ಪ್ರಾರ್ಥಿಸಬೇಕೇ?

ಪ್ರಶ್ನೆ: ನನ್ನ ಯಜಮಾನರು ಮೂತ್ರಪಿಂಡದ ಕಾಯಿಲೆಯಿಂದ ಎರಡು ವರ್ಷ ನರಳಿ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಹೋಗುವಾಗ ಬಸ್ಸಿನಲ್ಲಿ ಕುಳಿತೇ ಪ್ರಾರ್ಥಿಸುತ್ತಿದ್ದೆ. ಸಭೆಯವರೂ ಉಪವಾಸ ಪ್ರಾರ್ಥನೆ ಮಾಡಿದರು. ಈಗ ಎಲೆಚುಕ್ಕಿ ರೋಗ ಬಂದು ತೋಟವೂ ಕೈಬಿಡುತ್ತಿದೆ. ಮನೆಕೂಟದಲ್ಲಿ ಒಬ್ಬರು ‘ನಿಮ್ಮಲ್ಲಿ ನಂಬಿಕೆ ಕಡಿಮೆಯಿತ್ತು’ ಎಂದರು. ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲ. ನಾನು ಇನ್ನೂ ಪ್ರಾರ್ಥಿಸಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಹೋದರಿಯೇ, ಮೊದಲು ಮನೆಕೂಟದ ಆ ಮಾತನ್ನು ಮನಸ್ಸಿನಿಂದ ಇಳಿಸಿಬಿಡಿ. ಯೋಬನ ಸ್ನೇಹಿತರು 7 ದಿನ ಬಾಯಿಬಿಡದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಸ್ನೇಹಿತರೇ ಆಗಿದ್ದರು. ಅವನ ಕಷ್ಟದ ಕಾರಣವನ್ನು ಅವನಲ್ಲೇ ಹುಡುಕತೊಡಗಿದ ಮೇಲೆ ದಾರಿ ತಪ್ಪಿದರು. ಆ ಪುಸ್ತಕದ ಕೊನೆಯಲ್ಲಿ ದೇವರ ಕೋಪ ಉರಿದದ್ದು ಅತ್ತು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸುತ್ತಿದ್ದೇವೆಂದು ತಿಳಿದಿದ್ದ ಆ ಸ್ನೇಹಿತರ ಮೇಲೆ.

ಇನ್ನು ನಂಬಿಕೆಯ ಮಾತು. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಒಬ್ಬ ವಿಧವೆ ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಹೋಗುತ್ತಾಳೆ. ಅವಳ ಪರವಾಗಿ ಮಾತನಾಡುವವರಿಲ್ಲ, ಕೊಡುವುದಕ್ಕೆ ಕೈಯಲ್ಲಿ ಏನೂ ಇಲ್ಲ; ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದ ನಮ್ಮ ಮಲೆನಾಡಿನವರಿಗೆ ಅವಳ ಪಾಡನ್ನು ವಿವರಿಸಬೇಕಾಗಿಲ್ಲ. ಅವಳು ಎಡೆಬಿಡದೆ ಬಂದು ತನ್ನನ್ನು ದಣಿಸಿಬಿಟ್ಟಾಳು ಎಂದು ಆ ನ್ಯಾಯಾಧಿಪತಿ ಹೆದರುತ್ತಾನೆ. ಅಲ್ಲಿ ಬಳಸಿರುವ ಗ್ರೀಕ್ ಪದಕ್ಕೆ ಕಣ್ಣಿನ ಕೆಳಗೆ ಗುದ್ದುವುದು ಎಂಬ ಅರ್ಥವಿದೆ. ಈ ಸಾಮ್ಯವನ್ನು ಕೇಳಿ ಅನೇಕರು ದೇವರನ್ನೂ ಹಾಗೆ ಕಾಡಿ ಮಣಿಸಬೇಕೆಂದು ತಿಳಿಯುತ್ತಾರೆ. ಯೇಸು ಸ್ವಾಮಿ ಹೇಳಿದ್ದು ಅದನ್ನಲ್ಲ. ಅಂಥವನೇ ಕೊನೆಗೆ ಕಿವಿಗೊಟ್ಟನೆಂದ ಮೇಲೆ, ಹಗಲೂ ರಾತ್ರಿಯೂ ತನಗೆ ಮೊರೆಯಿಡುವವರನ್ನು ತಂದೆಯಾದ ದೇವರು ಬಿಟ್ಟುಬಿಡುವನೇ ಎಂದು ಕೇಳಿದರು. ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಆ ಭಾಗದ ಕೊನೆಯ ಪ್ರಶ್ನೆಯಲ್ಲಿ: ಮನುಷ್ಯಕುಮಾರನು ಬರುವಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ? ಇಲ್ಲಿ ನಂಬಿಕೆಯೆಂದರೆ ಏನು? ಆ ವಿಧವೆಗೆ ಗೆದ್ದೇ ಗೆಲ್ಲುತ್ತೇನೆಂಬ ಭರವಸೆ ಇತ್ತೆಂದು ಎಲ್ಲಿಯೂ ಬರೆದಿಲ್ಲ. ಅವಳು ಮರುದಿನವೂ ಬಂದಳು, ಅಷ್ಟೇ. ಮಾತು ಹೊರಡದಿದ್ದರೂ ನೀವು ಮೊಣಕಾಲೂರಿದಿರಲ್ಲ, ಅದು ಅವಳು ಬಂದ ಹಾಗೆಯೇ ಬಂದದ್ದು.

ಲಾಜರನು ಕಾಯಿಲೆ ಬಿದ್ದ ಸುದ್ದಿ ತಲುಪಿದ ಮೇಲೂ ಯೇಸು 2 ದಿನ ಇದ್ದಲ್ಲಿಯೇ ಉಳಿದರು. ಬೇಥಾನ್ಯಕ್ಕೆ ಬರುವ ಹೊತ್ತಿಗೆ ಅವನನ್ನು ಸಮಾಧಿ ಮಾಡಿ 4 ದಿನಗಳಾಗಿದ್ದವು. ‘ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಎಂದು ಮಾರ್ಥಳೂ ಮರಿಯಳೂ ಬೇರೆ ಬೇರೆಯಾಗಿ ಬಂದು ಒಂದೇ ಮಾತನ್ನು ಹೇಳಿದರು. ಆ ಮಾತಿನಲ್ಲಿ ದೂರು ಇದೆ, ಆದರೆ ಯೇಸು ಇಬ್ಬರಲ್ಲಿ ಯಾರನ್ನೂ ಗದರಿಸಲಿಲ್ಲ. ಮಾರ್ಥಳಿಗೆ ಪುನರುತ್ಥಾನದ ಮಾತು ಹೇಳಿದರು. ಮರಿಯಳಿಗೆ ಅಂಥ ಮಾತನ್ನೂ ಹೇಳಲಿಲ್ಲ, ಅವನನ್ನು ಎಲ್ಲಿ ಇಟ್ಟಿದ್ದೀರೆಂದು ಕೇಳಿ ಕಣ್ಣೀರಿಟ್ಟರು. ಸಮಾಧಿಯಿಂದ ಲಾಜರನು ಎದ್ದು ಬಂದ, ನಿಮ್ಮ ಮನೆಯ ಬಾಗಿಲಿಗೆ ಯಾರೂ ಎದ್ದು ಬರಲಿಲ್ಲ ಎಂಬುದನ್ನು ನಾನು ಮರೆತು ಬರೆಯುತ್ತಿಲ್ಲ. ನಿಮಗೆ ಉಳಿದಿರುವುದು ಮಾರ್ಥಳು ಹೇಳಿದ ಕಡೇ ದಿನದ ನಿರೀಕ್ಷೆ. ಅದು ದೂರದ್ದು, ನಿಜ. ಅಲ್ಲಿಯವರೆಗೆ ಮರಿಯಳ ಹಾಗೆ ಅವರ ಪಾದದ ಬಳಿ ಅಳುವುದಕ್ಕೆ ನಿಮಗೆ ಪೂರ್ಣ ಹಕ್ಕಿದೆ.

ಮಾತು ಬಾರದ ದಿನಗಳಲ್ಲಿ 88ನೆಯ ಕೀರ್ತನೆಯನ್ನು ಮೆಲ್ಲಗೆ ಓದಿ. ಹೆಚ್ಚಿನ ಶೋಕಗೀತೆಗಳು ಕೊನೆಗೆ ಸ್ತುತಿಯ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದೂ ನಮ್ಮ ಹಿರಿಯರು ಅದನ್ನು ಪವಿತ್ರ ಗ್ರಂಥದಿಂದ ತೆಗೆಯಲಿಲ್ಲ. ಅದೂ ಆಗದಿದ್ದರೆ ಸುಮ್ಮನೆ ಕುಳಿತುಕೊಳ್ಳಿ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರಿಗಾಗಿ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿದೆ.

ತೋಟದ ವಿಷಯದಲ್ಲಿ, ಅಂಜೂರ ಚಿಗುರದಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನೆಂಬ ಹಬಕ್ಕೂಕನ ವಾಕ್ಯವನ್ನು ಯಾರಾದರೂ ನಿಮಗೆ ಈಗಾಗಲೇ ಹೇಳಿರಬಹುದು. ಅದು 3ನೆಯ ಅಧ್ಯಾಯದ ಮಾತು; 1ನೆಯ ಅಧ್ಯಾಯದಲ್ಲಿ ಅದೇ ಪ್ರವಾದಿ ‘ಎಷ್ಟು ಕಾಲ ಮೊರೆಯಿಡಲಿ’ ಎಂದು ಕೂಗಿದ್ದಾನೆ, ಮತ್ತು ನೀವು ಈಗ ಅಲ್ಲಿದ್ದರೆ ಅಲ್ಲೇ ಇರಿ. ನಿಮಗಾಗಿ ಉಪವಾಸ ಮಾಡಿದ ಸಭೆಯವರಲ್ಲಿ ನನ್ನದೊಂದು ಬೇಡಿಕೆಯಿದೆ. ಎಲೆಚುಕ್ಕಿ ಶಿಲೀಂಧ್ರದ ರೋಗ. ರೋಗ ತಗುಲಿದ ಸೋಗೆ ಕಡಿದು ಸುಡುವುದೂ ಔಷಧಿ ಹೊಡೆಸುವುದೂ ಒಂಟಿ ಹೆಂಗಸಿನಿಂದ ಆಗುವ ಕೆಲಸವಲ್ಲ, ಪಕ್ಕದ ತೋಟದವರೂ ಜೊತೆಗೂಡದಿದ್ದರೆ ಫಲವೂ ಕಡಿಮೆ. ಮುಂದಿನ ಮನೆಕೂಟವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಂಡು, ಅದಕ್ಕೆ ಮುಂಚೆ ಅವರೆಲ್ಲ ಒಂದು ದಿನ ತೋಟಕ್ಕೆ ಇಳಿಯಲಿ.

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷಗಳಿಂದ ಮಗುವಿಗಾಗಿ ಪ್ರಾರ್ಥಿಸುತ್ತಿದ್ದೇವೆ. ಒಮ್ಮೆ ಕೇಳಿ ದೇವರಿಗೆ ಬಿಟ್ಟುಬಿಡಬೇಕು, ದಿನವೂ ಕೇಳುವುದು ಅವಿಶ್ವಾಸ ಎನ್ನುತ್ತಾರೆ. ನಿಜವೇ?
– ದಂಪತಿ, ಸಾಗರ

ಉತ್ತರ: ನಿಜವಲ್ಲ. ಹೇಳಿದ್ದನ್ನೇ ಸುಮ್ಮನೆ ಹೇಳಬೇಡಿರೆಂಬ ಮತ್ತಾಯನ 6ನೆಯ ಅಧ್ಯಾಯದ ಮಾತನ್ನು ಅವರು ತಪ್ಪಾಗಿ ಹಿಡಿದಿದ್ದಾರೆ. ಅದು ಮಾತು ಹೆಚ್ಚಾದಷ್ಟೂ ದೇವರು ಕೇಳುತ್ತಾನೆಂಬ ಎಣಿಕೆಗೆ ಕೊಟ್ಟ ಎಚ್ಚರಿಕೆ. ಹನ್ನಳು ವರ್ಷ ವರ್ಷವೂ ಒಂದೇ ದುಃಖವನ್ನು ಹೊತ್ತು ಶೀಲೋವಿಗೆ ಹೋದಳು, ಕುಡಿದಿದ್ದಾಳೆಂದು ಯಾಜಕನಿಂದ ಅನ್ನಿಸಿಕೊಂಡಳು. ಪೌಲನು ತನ್ನ ಶರೀರದ ಮುಳ್ಳು ತೊಲಗಲೆಂದು 3 ಸಲ ಬೇಡಿದನು. ಅವನು ನಿಲ್ಲಿಸಿದ್ದು ದಣಿವಿನಿಂದಲ್ಲ, ಕೃಪೆಯೇ ನಿನಗೆ ಸಾಕೆಂಬ ಉತ್ತರ ಬಂದದ್ದರಿಂದ. ನಿಮಗೆ ಹೌದೆಂದೂ ಅಲ್ಲವೆಂದೂ ಉತ್ತರ ಬಂದಿಲ್ಲವಾದ್ದರಿಂದ ಕೇಳುತ್ತಿರಿ. ವೈದ್ಯರನ್ನು ಕಾಣುವುದನ್ನೂ ಬಿಡಬೇಡಿ. ನಿಮಗೆ ಮಗುವಾಗುತ್ತದೆಂದು ಮಾತು ಕೊಡುವ ಅಧಿಕಾರ ನನಗಿಲ್ಲ, ಕೊಡುವವರನ್ನು ನಂಬಲೂ ಬೇಡಿ. ‘ನಿನ್ನ ಚಿತ್ತದಂತಾಗಲಿ’ ಎಂಬುದು ಬೇಡಿಕೆಯನ್ನು ನುಂಗಿಕೊಳ್ಳುವವರ ಮಾತೆಂದು ನಿಮಗೆ ಅನ್ನಿಸಿದರೆ, ಅದೇ ಮತ್ತಾಯನ 26ನೆಯ ಅಧ್ಯಾಯವನ್ನು ತೆರೆಯಿರಿ: ಗೆತ್ಸೇಮನೆಯಲ್ಲಿ ಆ ಮಾತನ್ನು ಹೇಳಿದ ಯೇಸು ಸ್ವಾಮಿ ಎದ್ದು ಹೋಗಿ, ನಿದ್ರಿಸುತ್ತಿದ್ದ ಶಿಷ್ಯರನ್ನು ಕಂಡು ಹಿಂದಿರುಗಿ, 3ನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರು.